ಓದುಗರ ಪ್ರಶ್ನೆ, ಕಾನೂನಿನ ಉತ್ತರ: ಎಲ್ಲಿ ಸೇದಬಾರದು, ಯಾಕೆ ಸೇದಬಾರದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಸಾರ್ವಜನಿಕ ಜಾಗದಲ್ಲಿ ಸಿಗರೇಟು, ಬೀಡಿ ಸೇದುವುದಕ್ಕೆ ಇರುವ ನಿಷೇಧ ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು, ಮುಂದೆ ಏನಾಗಬಹುದು ಅಂತ ಕೇಳಿದ್ದೀರಿ. ಸೇದುವವರೂ ಬರೆದಿದ್ದೀರಿ, ಸೇದದವರೂ ಬರೆದಿದ್ದೀರಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ. ಹೆಸರು ಹಾಕಿಲ್ಲ.

ಪ್ರಶ್ನೆ: ಸರ್, ನಾನು ಬಹಳ ವರ್ಷದಿಂದ ಸೇದುತ್ತಿದ್ದೇನೆ. ಅಂಗಡಿಯವನು ಮಾರಿದರೆ ತಪ್ಪಲ್ಲ, ಸರ್ಕಾರ ಅದರ ಮೇಲೆ ತೆರಿಗೆ ತೆಗೆದುಕೊಂಡರೆ ತಪ್ಪಲ್ಲ, ನಾನು ಸೇದಿದರೆ ಮಾತ್ರ ದಂಡ. ದೇಹ ನನ್ನದು, ದುಡ್ಡು ನನ್ನದು. ಇದು ನನ್ನ ಹಕ್ಕಿಗೆ ಕೈ ಹಾಕಿದ ಹಾಗಲ್ವಾ?

ಉತ್ತರ: ತೆರಿಗೆ ವಿಷಯದಲ್ಲಿ ನೀವು ಹೇಳುವುದರಲ್ಲಿ ಹುರುಳಿದೆ. ಆದರೆ ಅದು ಮಾರಾಟದ ಬಗ್ಗೆ ಸರ್ಕಾರವನ್ನು ಕೇಳಬೇಕಾದ ಪ್ರಶ್ನೆ. ಸಾರ್ವಜನಿಕ ಜಾಗದ ನಿಷೇಧ ಬೇರೆ ವಿಷಯ. ಅದು ನಿಮಗೆ ಸೇದಬೇಡಿ ಅನ್ನುವುದಿಲ್ಲ, ಇಲ್ಲಿ ಸೇದಬೇಡಿ ಅನ್ನುತ್ತದೆ. ಅದು ಕಾಪಾಡಲು ಹೊರಟಿರುವುದು ನಿಮ್ಮ ಶ್ವಾಸಕೋಶವನ್ನಲ್ಲ, ಪಕ್ಕದಲ್ಲಿ ಇರುವವರದ್ದನ್ನು.

ಮೊದಲು ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿತ್ತು. ಹೊಗೆ ವಾಸನೆ ಕೆಲವರಿಗೆ ಆಗುವುದಿಲ್ಲ, ಸ್ವಲ್ಪ ನೋಡಿಕೊಂಡು ಸೇದಿ ಅನ್ನುವಷ್ಟೇ. 1981ರಲ್ಲಿ ಜಪಾನಿನ ಹಿರಯಾಮಾ ಅವರ ಅಧ್ಯಯನ ಬಂತು. ತಾವು ಸಿಗರೇಟನ್ನೇ ಮುಟ್ಟದ ಹೆಂಗಸರಲ್ಲಿ, ಗಂಡ ಜಾಸ್ತಿ ಸೇದಿದಷ್ಟೂ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಅಂತ ಅದು ತೋರಿಸಿತು. ಅಮೆರಿಕ ಸರ್ಕಾರದ ಆರೋಗ್ಯ ಮುಖ್ಯಸ್ಥರಾದ ಸರ್ಜನ್ ಜನರಲ್ 1986ರ ವರದಿಯಲ್ಲಿ ಬೇರೆಯವರ ಹೊಗೆಯಿಂದ ಕಾಯಿಲೆ ಬರುತ್ತದೆ ಅಂತ ಒಪ್ಪಿದರು, 2006ರ ವರದಿಯಲ್ಲಿ ಇಷ್ಟು ಹೊಗೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂದರು. ಸೇದದೇ ಇದ್ದರೂ ಬೇರೆಯವರ ಹೊಗೆಯಿಂದ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇಷ್ಟು ಗೊತ್ತಾದ ಮೇಲೆ 'ನನ್ನ ದೇಹ' ಅನ್ನುವ ವಾದ ಮುಚ್ಚಿದ ಕೋಣೆಯಲ್ಲಿ ನಿಲ್ಲುವುದು ಕಷ್ಟ. ಅಲ್ಲಿ ಬೇರೆಯವರ ದೇಹವೂ ಇದೆಯಲ್ಲ.

ಕೋರ್ಟುಗಳೂ ಇದನ್ನೇ ಹೇಳಿವೆ. ಇಂಗ್ಲೆಂಡಿನಲ್ಲಿ ಕಾವಲಿನ ಮಾನಸಿಕ ಆಸ್ಪತ್ರೆಯೊಂದರ ರೋಗಿಗಳು, ನಾವು ಹೊರಗೆ ಹೋಗುವ ಹಾಗಿಲ್ಲ, ಇದೇ ನಮ್ಮ ಮನೆ, ಇಲ್ಲಿ ಸೇದಲು ಬಿಡಿ ಅಂತ ಕೇಸು ಹಾಕಿದರು. ಅವರ ಬಗ್ಗೆ ನನಗೆ ನಿಜವಾಗಿ ಮರುಕವಿದೆ, ಅವರ ವಾದ ನಿಮ್ಮದಕ್ಕಿಂತ ಗಟ್ಟಿಯಾಗಿಯೇ ಇತ್ತು. ಆದರೂ 2009ರಲ್ಲಿ ಮೇಲ್ಮನವಿ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಆ ಜಾಗದಲ್ಲಿ ಸೇದುವುದನ್ನು ಖಾಸಗಿ ಬದುಕಿನ ಹಕ್ಕಿಗೆ ಸೇರಿಸಲು ಅದು ಒಪ್ಪಲಿಲ್ಲ.

ಭಾರತದಲ್ಲಂತೂ ಹಕ್ಕಿನ ಮಾತು ಎದುರು ದಿಕ್ಕಿನಿಂದಲೇ ಬಂತು. ಸೇದದವರ ಬದುಕುವ ಹಕ್ಕಿನ ಮೇಲೆ 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಜಾಗದಲ್ಲಿ ಸೇದುವುದು ಕಾನೂನುಬಾಹಿರ ಅಂದಿತು. 2001ರ ನವೆಂಬರಿನಲ್ಲಿ ಮುರಳಿ ದೇವರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲೆ, ಕೋರ್ಟು, ಬಸ್ಸು, ರೈಲು ಇಂಥ ಕಡೆ ದೇಶಕ್ಕೆಲ್ಲ ನಿಷೇಧ ಹಾಕಿತು. ಕಾಯ್ದೆ ಬಂದಿದ್ದು ಅದಾದ ಮೇಲೆ, 2003ರಲ್ಲಿ.

ಪ್ರಶ್ನೆ: ನಾನು ಬಾರಿನಲ್ಲಿ ಸಪ್ಲೈಯರ್. ಸೇದುವವರಿಗೆ ಬೇರೆ ರೂಮು ಮಾಡಿದ್ದೇವೆ, ಒಳ್ಳೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೇವೆ, ಇನ್ನೇನು ಬೇಕು ಅಂತಾರೆ ಮಾಲೀಕರು. ಆದರೆ ಆ ರೂಮಿಗೆ ಹತ್ತಾರು ಸಲ ಹೋಗಿ ಬರುವವನು ನಾನು ಸರ್. ನನಗೇನಾದರೂ ಕಾನೂನು ಇದೆಯಾ?

ಉತ್ತರ: ಇಡೀ ವಿಷಯದ ಬೇರು ನಿಮ್ಮ ಪ್ರಶ್ನೆಯಲ್ಲಿದೆ. ಗಿರಾಕಿಗೆ ಹೊಗೆ ಬೇಡವಾದರೆ ಎದ್ದು ಹೋಗಬಹುದು. ನೀವು ಎದ್ದು ಹೋದರೆ ಸಂಬಳ ಹೋಗುತ್ತದೆ.

ಐರ್ಲೆಂಡ್ 2004ರ ಮಾರ್ಚ್ 29ರಿಂದ ಪಬ್ಬು, ರೆಸ್ಟೋರೆಂಟು ಸೇರಿಸಿ ದೇಶದ ಎಲ್ಲ ಮುಚ್ಚಿದ ಕೆಲಸದ ಜಾಗಗಳಲ್ಲಿ ಧೂಮಪಾನ ನಿಲ್ಲಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಪಬ್ಬಿನಲ್ಲಿ ಸಿಗರೇಟು ಇಲ್ಲದೆ ಹೇಗೆ ಅಂತ ಆಗ ಬಹಳ ಗದ್ದಲವಾಯಿತು. ಸರ್ಕಾರ ಹಿಡಿದ ದಾರಿ ಮಾತ್ರ ತುಂಬಾ ಸರಳ: ಇದು ಗಿರಾಕಿಗೆ ಬುದ್ಧಿ ಹೇಳುವ ಕಾನೂನಲ್ಲ, ಅಲ್ಲಿ ದುಡಿಯುವವರ ಸುರಕ್ಷತೆಯ ಕಾನೂನು. ಕಾರ್ಖಾನೆಯಲ್ಲಿ ವಿಷದ ಗಾಳಿ ಇರಬಾರದು ಅನ್ನುವುದಾದರೆ ಪಬ್ಬಿನಲ್ಲಿ ಯಾಕೆ ಇರಬೇಕು? ಅದಕ್ಕೆ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ. ಅದೇ ವರ್ಷ ನಾರ್ವೆ, ನ್ಯೂಜಿಲೆಂಡ್ ಕೂಡ ಇದೇ ದಾರಿ ಹಿಡಿದವು.

ಇದಕ್ಕೂ ಮೊದಲು ಹೋರಾಡಿದವರು ವಿಮಾನದ ಸಿಬ್ಬಂದಿ. ಸೇದುವವರಿಗೆ ಹಿಂದಿನ ಸೀಟುಗಳು ಅಂತ ಬಿಟ್ಟಿದ್ದ ಕಾಲದಲ್ಲಿ ಆ ಸಾಲುಗಳ ಮಧ್ಯೆ ಓಡಾಡಿ ಕೆಲಸ ಮಾಡಿದವರು ಅವರು. 1991ರಲ್ಲಿ ಅಮೆರಿಕದಲ್ಲಿ ತಂಬಾಕು ಕಂಪನಿಗಳ ಮೇಲೆ ಎಲ್ಲರ ಪರವಾಗಿ ಕೇಸು ಹಾಕಿದರು. 1997ರಲ್ಲಿ ಕಂಪನಿಗಳು 30 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾದವು. ಆ ದುಡ್ಡು ಸಂಶೋಧನೆಗೆ ಹೋಯಿತು.

ಇನ್ನು ಫ್ಯಾನಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ 2005ರಲ್ಲಿ ಜಾರಿಗೆ ಬಂತು. 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಅದರ 8ನೇ ವಿಧಿ ಜನರನ್ನು ಹೊಗೆಯಿಂದ ಕಾಪಾಡಬೇಕು ಅನ್ನುತ್ತದೆ. ಆ ವಿಧಿಯ ಬಗ್ಗೆ 2007ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳುತ್ತದೆ. ಫ್ಯಾನು, ಫಿಲ್ಟರು, ಬೇರೆ ರೂಮು ಯಾವುದೂ ಸಾಲದು, ಒಳಗಡೆ ಪೂರ್ತಿ ಹೊಗೆರಹಿತವಾಗಿರಬೇಕು. ಕಾರಣ ಕಷ್ಟದ್ದೇನಲ್ಲ. ಫ್ಯಾನು ವಾಸನೆ ಕಡಿಮೆ ಮಾಡುತ್ತದೆ, ಕಣ್ಣುರಿ ಕಡಿಮೆ ಮಾಡುತ್ತದೆ. ಆದರೆ ಅತಿ ಸಣ್ಣ ಕಣಗಳು ಮತ್ತು ಅನಿಲಗಳು ಉಳಿದೇ ಉಳಿಯುತ್ತವೆ, ಬಾಗಿಲು ತೆಗೆದಾಗೆಲ್ಲ ಒಂದಿಷ್ಟು ಹೊರಗೆ ಬರುತ್ತವೆ.

ಹಾಗಿದ್ದರೂ ಎಷ್ಟೋ ದೇಶಗಳ ಕಾನೂನಿನಲ್ಲಿ ಸೇದುವ ರೂಮಿಗೆ ಅವಕಾಶ ಉಳಿದಿದೆ. ಭಾರತದ 2003ರ ಕಾಯ್ದೆ 30 ರೂಮು ಇರುವ ಹೋಟೆಲು, 30 ಅಥವಾ ಹೆಚ್ಚು ಜನ ಕೂರುವ ರೆಸ್ಟೋರೆಂಟು ಮತ್ತು ವಿಮಾನ ನಿಲ್ದಾಣಗಳಿಗೆ ಈ ಅವಕಾಶ ಕೊಟ್ಟಿದೆ. ಆದರೆ ನಿಮಗೆ ಬೇಕಾದ ಸಾಲು ಇಲ್ಲಿದೆ ನೋಡಿ. 2017ರಲ್ಲಿ ನಿಯಮ ತಿದ್ದಿದ ಮೇಲೆ ಸೇದುವ ಜಾಗದಲ್ಲಿ ಯಾವ ಸೇವೆಯನ್ನೂ ಕೊಡುವ ಹಾಗಿಲ್ಲ. ಅಂದರೆ ಆ ರೂಮಿಗೆ ನಿಮ್ಮ ಕೈಲಿ ಟ್ರೇ ಕೊಟ್ಟು ಕಳಿಸುವುದೇ ನಿಯಮಕ್ಕೆ ವಿರುದ್ಧ. ಇದನ್ನು ಮಾಲೀಕರಿಗೆ ಮೊದಲು ಬಾಯಲ್ಲಿ ಹೇಳಿ. ಕೇಳದಿದ್ದರೆ ಬರೆದು ಕೊಡಿ. ಒಬ್ಬರೇ ಕೊಡಬೇಡಿ, ಜೊತೆಯ ನಾಲ್ಕು ಜನರ ಸಹಿ ಹಾಕಿಸಿ.

ನಿಷೇಧದಿಂದ ನಿಜವಾಗಿ ಲಾಭ ಆಗುತ್ತದಾ ಅಂತಲೂ ಕೆಲವರು ಕೇಳಿದ್ದೀರಿ. ಆಗುತ್ತದೆ, ಅದೂ ಬೇಗ. ಸ್ಕಾಟ್ಲೆಂಡಿನಲ್ಲಿ 2006ರಲ್ಲಿ ನಿಷೇಧ ಬಂತು. ಅಲ್ಲಿ ಅಧ್ಯಯನಕ್ಕೆ ತೆಗೆದುಕೊಂಡ ಆಸ್ಪತ್ರೆಗಳಿಗೆ ತೀವ್ರ ಹೃದಯ ತೊಂದರೆಯಿಂದ ದಾಖಲಾಗುವವರು 17% ಕಡಿಮೆಯಾದರು. ಬಾರ್ ಕೆಲಸಗಾರರ ಕೆಮ್ಮು, ಉಬ್ಬಸ ಒಂದೆರಡು ತಿಂಗಳಲ್ಲೇ ಇಳಿದಿದ್ದನ್ನೂ ಅಲ್ಲಿನ ವೈದ್ಯರು ದಾಖಲಿಸಿದ್ದಾರೆ.

ಪ್ರಶ್ನೆ: ನನ್ನದು ಪುಟ್ಟ ಜಾಗ, ಒಂದೇ ರೂಮು. ಕೆಲಸಕ್ಕೆ ಬೇರೆ ಯಾರೂ ಇಲ್ಲ, ನಾನೊಬ್ಬನೇ. 'ಇಲ್ಲಿ ಸೇದುತ್ತಾರೆ' ಅಂತ ಬೋರ್ಡು ಹಾಕಿಬಿಡುತ್ತೇನೆ, ಬೇಡದವರು ಬರುವುದು ಬೇಡ. ಇದರಲ್ಲಿ ಯಾರಿಗೆ ತೊಂದರೆ?

ಉತ್ತರ: ಇದೇ ವಾದ ಯುರೋಪಿನ ದೊಡ್ಡ ಕೋರ್ಟುಗಳವರೆಗೆ ಹೋಗಿದೆ. ಅಲ್ಲಿ ಆಗಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಷೇಧದ ಕಾನೂನು ಎಲ್ಲಿ ಮುರಿಯುತ್ತದೆ ಅನ್ನುವುದು ಇದರಲ್ಲಿ ಗೊತ್ತಾಗುತ್ತದೆ.

ಜರ್ಮನಿಯಲ್ಲಿ ಬಾಡೆನ್-ವುರ್ಟೆಂಬರ್ಗ್ ಮತ್ತು ಬರ್ಲಿನ್ ರಾಜ್ಯಗಳು ನಿಷೇಧ ತಂದವು, ಆದರೆ ದೊಡ್ಡ ಜಾಗದವರು ಬೇರೆ ರೂಮು ಮಾಡಿಕೊಳ್ಳಬಹುದು ಅಂದವು. ಒಂದೇ ರೂಮಿನ ಪಬ್ಬಿನವರು ಬೇರೆ ರೂಮು ಎಲ್ಲಿಂದ ತರಬೇಕು? ಗಿರಾಕಿಗಳೆಲ್ಲ ದೊಡ್ಡ ಪಬ್ಬಿಗೆ ಹೋದರು. ಚಿಕ್ಕವರು ಕೇಸು ಹಾಕಿದರು, 2008ರ ಜುಲೈನಲ್ಲಿ ಸಂವಿಧಾನ ಕೋರ್ಟಿನಲ್ಲಿ ಗೆದ್ದರು. ಸರಿ, ನಮ್ಮ ಕಡೆಗೇ ಆಯಿತಲ್ಲ ಅನ್ನಬೇಡಿ, ತೀರ್ಪಿನ ಉಳಿದ ಭಾಗ ಓದಿ. ಯಾರಿಗೂ ವಿನಾಯಿತಿ ಇಲ್ಲದ ಪೂರ್ತಿ ನಿಷೇಧ ತಂದರೆ ಅದು ಸಂವಿಧಾನಕ್ಕೆ ಒಪ್ಪುತ್ತದೆ ಅಂತ ಅದೇ ಕೋರ್ಟು ಅದೇ ತೀರ್ಪಿನಲ್ಲಿ ಹೇಳಿತು. ನಿಷೇಧದಲ್ಲಿ ದೋಷ ಇರಲಿಲ್ಲ, ಅರ್ಧಂಬರ್ಧ ಮಾಡಿದ್ದರಲ್ಲಿ ಇತ್ತು. ಎರಡು ವರ್ಷದ ಮೇಲೆ, 2010ರಲ್ಲಿ, ಬವೇರಿಯಾ ರಾಜ್ಯದಲ್ಲಿ ಜನಮತ ಕೇಳಿದಾಗ ಮತ ಹಾಕಿದವರಲ್ಲಿ ಸುಮಾರು 61% ಜನ ಪೂರ್ತಿ ನಿಷೇಧವೇ ಇರಲಿ ಅಂದರು.

ನೆದರ್ಲೆಂಡ್ಸ್ ಕಥೆ ಇನ್ನೂ ನಿಮ್ಮದಕ್ಕೆ ಹತ್ತಿರ. 2008ರಲ್ಲಿ ನಿಷೇಧ ತಂದರು. 2011ರಲ್ಲಿ, ಕೆಲಸದವರಿಲ್ಲದೆ ಮಾಲೀಕರೇ ನಡೆಸುವ ಚಿಕ್ಕ ಕೆಫೆಗಳಿಗೆ ವಿನಾಯಿತಿ ಕೊಟ್ಟರು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ತೆಗೆದುಹಾಕಿತು. ಆಧಾರ, ಮೇಲೆ ಹೇಳಿದ ಒಪ್ಪಂದದ 8ನೇ ವಿಧಿ. 2019ರಲ್ಲಿ ಸೇದುವ ರೂಮುಗಳೂ ಹೋದವು. ಸ್ಪೇನಿನಲ್ಲಿ 2006ರ ಕಾನೂನು, 100 ಚದರ ಮೀಟರಿಗಿಂತ ಚಿಕ್ಕ ಬಾರಿನವರು ಸೇದಲು ಬಿಡುತ್ತೀರೋ ಇಲ್ಲವೋ ನೀವೇ ತೀರ್ಮಾನಿಸಿ ಅಂದಿತು. ಹೆಚ್ಚಿನವರು ಬಿಟ್ಟರು. ಬಿಡದವನಿಗೆ ವ್ಯಾಪಾರ ಹೋಗುವ ಭಯ ಇತ್ತಲ್ಲ. 2011ರಲ್ಲಿ ಆ ಆಯ್ಕೆಯನ್ನೇ ತೆಗೆದರು.

ಬೋರ್ಡು ಹಾಕಿದರೆ ಸಾಕು ಅನ್ನುವುದು ಕೇಳಲು ನ್ಯಾಯವಾಗಿ ಕಾಣುತ್ತದೆ. ಆದರೆ ನಾಳೆ ನೀವು ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೀರಿ. ಅವನಿಗೆ ಆ ಬೋರ್ಡಿನಿಂದ ಏನು ಉಪಯೋಗ? ಎಲ್ಲರಿಗೂ ಒಂದೇ ನಿಯಮ ಇದ್ದಾಗ ನಿಮ್ಮ ಗಿರಾಕಿ ಪಕ್ಕದವನ ಹತ್ತಿರ ಹೋಗುವ ಕಾರಣವೂ ಇರುವುದಿಲ್ಲ. ಚಿಕ್ಕವರಿಗೆ ನಿಜವಾಗಿ ಏಟು ಕೊಡುವುದು ವಿನಾಯಿತಿ, ಪೂರ್ತಿ ನಿಷೇಧ ಅಲ್ಲ. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ.

ಪ್ರಶ್ನೆ: ವೇಪ್ (ಇ-ಸಿಗರೇಟು) ಸೇದಿದರೂ ಇದೇ ನಿಷೇಧನಾ?

ಉತ್ತರ: ನಿಮ್ಮಲ್ಲಿನ ಕಾನೂನಿನ ವ್ಯಾಖ್ಯೆ ನೋಡಬೇಕು. ಹಳೆಯ ಕಾನೂನುಗಳು ಹೊತ್ತಿಸಿ ಸೇದುವುದನ್ನು ಮನಸ್ಸಿನಲ್ಲಿಟ್ಟು ಬರೆದವು. ಇಂಗ್ಲೆಂಡಿನ 2007ರ ನಿಷೇಧ ಹಾಗೇ ಇತ್ತು, ವೇಪ್ ಅದರೊಳಗೆ ಬರಲಿಲ್ಲ. ಅಲ್ಲಿ ಎಷ್ಟೋ ಕಡೆ ವೇಪ್ ಬೇಡ ಅನ್ನುವುದು ಆ ಜಾಗದ ಮಾಲೀಕರ ನಿಯಮ. ಭಾರತ 2019ರಲ್ಲಿ ಮಾರಾಟವನ್ನೇ ನಿಲ್ಲಿಸಿದ್ದರಿಂದ ಅಲ್ಲಿ ಪ್ರಶ್ನೆಯೇ ಬೇರೆ. ಯುರೋಪಿಯನ್ ಒಕ್ಕೂಟದ ಮಂತ್ರಿಗಳ ಮಂಡಳಿ 2024ರ ಡಿಸೆಂಬರಿನಲ್ಲಿ ಸದಸ್ಯ ದೇಶಗಳಿಗೆ ವೇಪನ್ನೂ ಸೇರಿಸಿ ಅಂತ ಶಿಫಾರಸು ಮಾಡಿದೆ. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಆರೋಗ್ಯಕ್ಕೆ ಒಳ್ಳೆಯದು ಅಂತ ಗೊತ್ತಿದ್ದ ಮೇಲೆ ಆರೋಗ್ಯ ಇಲಾಖೆಯೇ ಒಂದು ಆದೇಶ ಹೊರಡಿಸಿ ನಿಷೇಧ ಹಾಕಬಹುದಲ್ವಾ? ಶಾಸನಸಭೆ ಯಾಕೆ ಬೇಕು?

ಉತ್ತರ: 1987ರ ಬೊರಿಯಾಲಿ ಪ್ರಕರಣ ಓದಿ. ನ್ಯೂಯಾರ್ಕ್ ರಾಜ್ಯದಲ್ಲಿ ಶಾಸನಸಭೆ ನಿಷೇಧದ ಮಸೂದೆಗಳನ್ನು ಒಪ್ಪದೇ ಹೋದಾಗ ಆರೋಗ್ಯ ಮಂಡಳಿ ತಾನೇ ನಿಯಮ ಮಾಡಿತು. ರಾಜ್ಯದ ಅತ್ಯುನ್ನತ ಕೋರ್ಟು ಅದನ್ನು ರದ್ದು ಮಾಡಿತು. ಯಾರಿಗೆ ವಿನಾಯಿತಿ, ವ್ಯಾಪಾರಕ್ಕೆ ಎಷ್ಟು ಬೆಲೆ, ಆರೋಗ್ಯಕ್ಕೆ ಎಷ್ಟು ಬೆಲೆ ಅಂತ ತೂಗುವುದು ಚುನಾಯಿತರ ಕೆಲಸ, ಅಧಿಕಾರಿಗಳದ್ದಲ್ಲ ಅಂದಿತು. ಆ ನಿಯಮದಿಂದ ಜನರಿಗೆ ಒಳ್ಳೆಯದೇ ಆಗುತ್ತಿತ್ತು, ಆದರೂ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಒಳ್ಳೆಯ ಕಾನೂನು ಸರಿಯಾದ ಬಾಗಿಲಿನಿಂದ ಬಂದರೆ ಆಮೇಲೆ ಅದನ್ನು ಕೆಡವುವುದು ಕಷ್ಟ.

ಪ್ರಶ್ನೆ: ಒಳಗೆ ಬೇಡ ಅಂದರು, ಹೊರಗೆ ಬಂದೆವು. ಈಗ ಪಾರ್ಕಿನಲ್ಲಿ ಬೇಡ, ಬೀಚಿನಲ್ಲಿ ಬೇಡ, ರಸ್ತೆಯಲ್ಲೂ ಬೇಡ ಅನ್ನುತ್ತಿದ್ದಾರೆ. ಬಯಲಿನಲ್ಲಿ ಹೊಗೆ ಗಾಳಿಗೆ ಹೋಗುವುದಿಲ್ವಾ? ಇದಕ್ಕೆ ಕೊನೆ ಎಲ್ಲಿ?

ಉತ್ತರ: ಇಲ್ಲಿ ನಿಮ್ಮ ವಾದಕ್ಕೆ ಮೊದಲಿಗಿಂತ ಬಲ ಜಾಸ್ತಿ. ಬಯಲಿನಲ್ಲಿ ಸೇದುವವರ ಪಕ್ಕದಲ್ಲೇ ಕೂತರೆ ಹೊಗೆ ಒಳಗಿನಷ್ಟೇ ದಟ್ಟವಾಗಿರಬಹುದು, ಆದರೆ ನಾಲ್ಕು ಹೆಜ್ಜೆ ದೂರ ಸರಿದರೆ, ಸಿಗರೇಟು ಆರಿಸಿದರೆ, ಬೇಗ ಇಳಿದುಹೋಗುತ್ತದೆ. ಆದ್ದರಿಂದ ಬಯಲಿನ ನಿಷೇಧಕ್ಕೆ ಬೇರೆಯವರ ಆರೋಗ್ಯ ಅನ್ನುವ ಒಂದೇ ಕಾರಣ ಎಲ್ಲ ಕಡೆ ಸಾಲುವುದಿಲ್ಲ.

ಬೇರೆ ಬೇರೆ ಕಡೆ ಬೇರೆ ಬೇರೆ ಕಾರಣ ಕೊಟ್ಟಿದ್ದಾರೆ. ಟೋಕಿಯೋದ ಚಿಯೋಡಾ ವಾರ್ಡ್ 2002ರಲ್ಲೇ ರಸ್ತೆಯಲ್ಲಿ ಸೇದುವುದಕ್ಕೆ ದಂಡ ಹಾಕಿತು. ಕಿಕ್ಕಿರಿದ ರಸ್ತೆಯಲ್ಲಿ ಕೈಯಲ್ಲಿನ ಕಿಡಿ ಜನರಿಗೆ ತಾಗುತ್ತದೆ, ತುಂಡುಗಳನ್ನು ಎಲ್ಲೆಂದರಲ್ಲಿ ಎಸೆಯುತ್ತಾರೆ ಅಂತ. ರೆಸ್ಟೋರೆಂಟಿನ ಒಳಗೆ ಮಾತ್ರ ಜಪಾನಿನಲ್ಲಿ ಆಮೇಲೂ ಬಹಳ ವರ್ಷ ಸೇದುತ್ತಿದ್ದರು, ದೇಶಕ್ಕೆಲ್ಲ ಒಳಗಿನ ನಿಷೇಧ ಬಂದಿದ್ದು 2020ರಲ್ಲಿ, ಅದರಲ್ಲೂ ಚಿಕ್ಕ ಹಳೆಯ ರೆಸ್ಟೋರೆಂಟುಗಳಿಗೆ ವಿನಾಯಿತಿ. ನ್ಯೂಯಾರ್ಕ್ ನಗರ 2011ರಲ್ಲಿ ಪಾರ್ಕು, ಬೀಚುಗಳನ್ನು ಸೇರಿಸಿತು. ಮಿಲಾನ್ 2025ರ ಆರಂಭದಿಂದ, ಬೇರೆಯವರಿಂದ 10 ಮೀಟರ್ ದೂರ ಇಲ್ಲದಿದ್ದರೆ ಹೊರಗೂ ಸೇದಬಾರದು ಅಂದಿದೆ. ಫ್ರಾನ್ಸ್ ಅದೇ ವರ್ಷದ ಬೇಸಿಗೆಯಲ್ಲಿ ಬೀಚು, ಪಾರ್ಕು, ಬಸ್ ತಂಗುದಾಣ, ಶಾಲೆಯ ಸುತ್ತಮುತ್ತ ನಿಷೇಧಿಸಿ 135 ಯೂರೋ ದಂಡ ಇಟ್ಟಿತು, ಮಕ್ಕಳ ಹೆಸರು ಹೇಳಿ. ಕೆಫೆಗಳ ಹೊರಗಿನ ಟೇಬಲ್ಲುಗಳನ್ನು ಮಾತ್ರ ಬಿಟ್ಟಿತು. ಇಂಗ್ಲೆಂಡ್ 2024ರಲ್ಲಿ ಪಬ್ಬಿನ ಹೊರಾಂಗಣದ ನಿಷೇಧವನ್ನು ಯೋಚಿಸಿ, ವ್ಯಾಪಾರಸ್ಥರು ವಿರೋಧಿಸಿದ ಮೇಲೆ ಕೈಬಿಟ್ಟಿತು.

ನನ್ನ ಅಭಿಪ್ರಾಯ ಕೇಳಿದರೆ, ಶಾಲೆಯ ಗೇಟು, ಮಕ್ಕಳು ಆಡುವ ಜಾಗ, ಆಸ್ಪತ್ರೆಯ ಬಾಗಿಲು, ಜನ ಕ್ಯೂ ನಿಲ್ಲುವ ಕಡೆ, ಇಲ್ಲೆಲ್ಲ ನಿಷೇಧ ಬೇಕೇ ಬೇಕು. ಅಲ್ಲಿ ಪಕ್ಕದವರು ಸರಿದು ಹೋಗಲು ಆಗುವುದಿಲ್ಲ. ಆದರೆ ಯಾರೂ ಇಲ್ಲದ ಬಯಲಿನಲ್ಲಿ ಒಬ್ಬರು ಸೇದಿದರೆ ಬೇರೆಯವರ ಆರೋಗ್ಯಕ್ಕೆ ಅಪಾಯ ಅಂತ ಹೇಳಿ ದಂಡ ಹಾಕಬಾರದು, ಅದು ನಿಜವಲ್ಲ. ತುಂಡುಗಳು ಕಾರಣವಾದರೆ ಹಾಗಂತ ಹೇಳಿ, ಸಿಗರೇಟಿನ ಫಿಲ್ಟರು ಒಂದು ಬಗೆಯ ಪ್ಲಾಸ್ಟಿಕ್, ಅದು ಒಳ್ಳೆಯ ಕಾರಣವೇ. ಮಕ್ಕಳು ನೋಡಿ ಕಲಿಯುತ್ತಾರೆ ಅನ್ನುವುದು ಕಾರಣವಾದರೆ ಅದನ್ನು ಹೇಳಿ. ಕಾನೂನು ತನ್ನ ನಿಜವಾದ ಕಾರಣ ಬಿಟ್ಟು ಬೇರೇನೋ ಹೇಳಿದರೆ, ಒಳಗಿನ ನಿಷೇಧದ ಮೇಲಿನ ನಂಬಿಕೆಯೂ ಹೋಗುತ್ತದೆ ಅನ್ನುವುದೇ ನನ್ನ ಆತಂಕ.

ಪ್ರಶ್ನೆ: ಮೇಡಂ ಅಥವಾ ಸರ್, ಕೆಳಗಿನ ಮನೆಯವರು ಬಾಲ್ಕನಿಯಲ್ಲಿ ಸೇದುತ್ತಾರೆ. ಹೊಗೆಯೆಲ್ಲ ನಮ್ಮ ಮಗು ಮಲಗುವ ರೂಮಿಗೆ ಬರುತ್ತದೆ. ಹೇಳಿದರೆ ನಮ್ಮ ಮನೆ ನಮ್ಮಿಷ್ಟ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಕಾನೂನಿಗೆ ಅತಿ ಕಷ್ಟದ ಜಾಗ ಇದು, ಯಾಕೆಂದರೆ ಮನೆ ಅವರದ್ದು, ಹೊಗೆ ಬರುವುದು ನಿಮ್ಮ ಮನೆಗೆ. ಸಿಂಗಪುರದಲ್ಲಿ ಕಿಟಕಿ, ಬಾಲ್ಕನಿ ಹತ್ತಿರ ಸೇದುವುದನ್ನು ನಿಷೇಧಿಸಿ ಅಂತ 2020ರಲ್ಲಿ ಸಂಸತ್ತಿನಲ್ಲಿ ಬೇಡಿಕೆ ಬಂತು, ಖಾಸಗಿತನದ ಪ್ರಶ್ನೆ ಬರುತ್ತದೆ ಅಂತ ಸರ್ಕಾರ ಒಪ್ಪಲಿಲ್ಲ. ಅಮೆರಿಕದಲ್ಲಿ 2018ರ ಜುಲೈನಿಂದ ಸರ್ಕಾರಿ ವಸತಿ ಮನೆಗಳ ಒಳಗೂ ಕಟ್ಟಡದಿಂದ 25 ಅಡಿವರೆಗೂ ಸೇದುವ ಹಾಗಿಲ್ಲ. ಅಲ್ಲಿ ಸರ್ಕಾರವೇ ಮನೆ ಮಾಲೀಕ, ಅದಕ್ಕೇ ಸಾಧ್ಯವಾಯಿತು. ಮಕ್ಕಳಿರುವ ಕಾರಿನಲ್ಲಿ ಸೇದಬಾರದು ಅಂತ ಇಂಗ್ಲೆಂಡ್ 2015ರಲ್ಲಿ ನಿಯಮ ತಂದಿದೆ, ಹಾಗಾಗಿ ಖಾಸಗಿ ಜಾಗಕ್ಕೆ ಕಾನೂನು ಕಾಲಿಡುವುದೇ ಇಲ್ಲ ಅಂತಲೂ ಅಲ್ಲ.

ನೀವು ಮಾಡಬೇಕಾದ್ದು: ಹೊಗೆ ಬಂದ ದಿನ, ಸಮಯ ಬರೆದಿಡಿ. ಕಟ್ಟಡದ ಸಂಘದಲ್ಲಿ ವಿಷಯ ಎತ್ತಿ ನಿಯಮ ಮಾಡಿಸಿ. ಅವರು ಬಾಡಿಗೆಗೆ ಇದ್ದರೆ ಮನೆ ಮಾಲೀಕರಿಗೆ ಬರೆಯಿರಿ, ಬಾಡಿಗೆ ಕರಾರಿನಲ್ಲಿ ಒಂದು ಷರತ್ತು ಸೇರಿಸುವುದು ದೊಡ್ಡ ಕೆಲಸವಲ್ಲ. ಮೆಟ್ಟಿಲು, ಲಿಫ್ಟು, ಕಾರಿಡಾರಿಗೆ ಎಷ್ಟೋ ಕಡೆ ನಿಷೇಧದ ಕಾನೂನು ನೇರವಾಗಿಯೇ ಅನ್ವಯಿಸುತ್ತದೆ. ಯಾವುದೂ ಆಗದಿದ್ದರೆ ನೆರೆಯವರ ಉಪದ್ರವ ಅಂತ ಸಿವಿಲ್ ಕೇಸು ಇದೆ, ನೀವು ಬರೆದಿಟ್ಟ ದಾಖಲೆ ಆಗ ಬೇಕಾಗುತ್ತದೆ. ಮಗುವಿನ ವಿಷಯ, ಸುಮ್ನೆ ಸಹಿಸಿಕೊಂಡು ಇರಬೇಡಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಸಿಗರೇಟನ್ನೇ ಪೂರ್ತಿ ನಿಷೇಧಿಸಿದರೆ ಆಗಲ್ವಾ? ಮುಂದೆ ಹಾಗಾಗಬಹುದಾ?

ಉತ್ತರ: ಒಂದೇ ಸಲ ನಿಲ್ಲಿಸುವುದನ್ನು ಭೂತಾನ್ ಮಾಡಿ ನೋಡಿದೆ. 2004ರಲ್ಲಿ ತಂಬಾಕು ಮಾರಾಟ ನಿಲ್ಲಿಸಿತು. ಕಳ್ಳಸಾಗಣೆ ಬೆಳೆಯಿತು. ಕೊರೊನಾ ಕಾಲದಲ್ಲಿ ಗಡಿ ದಾಟಿ ಬರುವ ಕಳ್ಳಮಾಲು ಸೋಂಕಿನ ದಾರಿಯೂ ಆಗಬಹುದು ಅನ್ನುವ ಭಯ ಬಂದು, 2021ರಲ್ಲಿ ಕಾನೂನು ತಿದ್ದಿ ಮಾರಾಟಕ್ಕೆ ಮತ್ತೆ ಅವಕಾಶ ಕೊಟ್ಟಿತು.

ಈಗ ಹೊಸ ದಾರಿ ಹುಡುಕಿದ್ದಾರೆ. ಇಂಥ ದಿನಾಂಕದ ನಂತರ ಹುಟ್ಟಿದವರಿಗೆ ಎಂದಿಗೂ ಮಾರಬಾರದು ಅನ್ನುವ ಕಾನೂನು. ನ್ಯೂಜಿಲೆಂಡ್ 2022ರಲ್ಲಿ ಮಾಡಿತು, 2009ರಿಂದ ಈಚೆಗೆ ಹುಟ್ಟಿದವರಿಗೆ. ಸರ್ಕಾರ ಬದಲಾಯಿತು, ಜಾರಿಗೆ ಬರುವ ಮೊದಲೇ 2024ರಲ್ಲಿ ರದ್ದಾಯಿತು. ಅದು ನನಗೆ ಬಹಳ ಬೇಸರ ತಂದ ಸುದ್ದಿ. ಬ್ರಿಟನ್ 2024ರಲ್ಲಿ ಪಾರ್ಲಿಮೆಂಟಿಗೆ ತಂದ ಮಸೂದೆಯದ್ದೂ ಇದೇ ದಾರಿ, ಅಲ್ಲೂ 2009ರಿಂದ ಈಚೆಗೆ ಹುಟ್ಟಿದವರಿಗೆ. ಮಾಲ್ಡೀವ್ಸ್ 2025ರ ನವೆಂಬರಿನಿಂದ, 2007ರಿಂದ ಈಚೆಗೆ ಹುಟ್ಟಿದವರಿಗೆ ತಂಬಾಕು ನಿಷೇಧಿಸಿದೆ.

ಇದರಲ್ಲಿ ಸಮಾನತೆ ಎಲ್ಲಿದೆ, ಒಂದು ದಿನ ಮೊದಲು ಹುಟ್ಟಿದವನು ಕೊಳ್ಳಬಹುದು, ಮಾರನೇ ದಿನ ಹುಟ್ಟಿದವನು ಕೊಳ್ಳಬಾರದಾ ಅಂತ ಕೇಳುವುದು ಸಹಜ. ಅಮೆರಿಕದ ಬ್ರೂಕ್‌ಲೈನ್ ಪಟ್ಟಣ 2000ದಿಂದ ಈಚೆಗೆ ಹುಟ್ಟಿದವರಿಗೆ ಮಾರಾಟ ನಿಲ್ಲಿಸಿದಾಗ ಅಂಗಡಿಯವರು ಇದನ್ನೂ ವಾದಿಸಿದರು. ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ಕೋರ್ಟು 2024ರಲ್ಲಿ ಪಟ್ಟಣದ ಪರ ತೀರ್ಪು ಕೊಟ್ಟಿತು. ಈಗ ಸೇದುತ್ತಿರುವವರನ್ನು ಬಿಟ್ಟು, ಶುರು ಮಾಡದವರನ್ನು ಕಾಪಾಡಲು ಗೆರೆ ಎಳೆಯುವುದಕ್ಕೆ ಅರ್ಥವಿದೆ ಅನ್ನುವುದು ಅದರ ತಿರುಳು. ಒಂದು ಕೋರ್ಟಿನ ತೀರ್ಪು ಉಳಿದ ದೇಶಗಳನ್ನು ಕಟ್ಟಿಹಾಕುವುದಿಲ್ಲ, ಆದರೂ ಮುಂದಿನ ಕೇಸುಗಳಲ್ಲಿ ಎಲ್ಲರೂ ಇದನ್ನು ಎತ್ತುತ್ತಾರೆ.

ಈ ದಾರಿ ನನಗೆ ಇಷ್ಟ. ಆದರೆ ಇದು ಬಂದರೆ ಜಾಗದ ನಿಷೇಧ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬ್ರಿಟನ್ನಿನ ಗೆರೆಯನ್ನೇ ತೆಗೆದುಕೊಳ್ಳಿ, 2008ರಲ್ಲಿ ಹುಟ್ಟಿದವರು 2070ರಲ್ಲೂ ಅಂಗಡಿಗೆ ಹೋಗಿ ಸಿಗರೇಟು ಕೊಳ್ಳಬಹುದು. ಅಷ್ಟು ವರ್ಷವೂ ಒಳಗೆ ಸೇದಬಾರದು ಅನ್ನುವ ನಿಯಮ ಬೇಕು, ಅದೂ ವಿನಾಯಿತಿ ಇಲ್ಲದೆ.